ಮೂಳೆಯ ಪಕ್ಕದ ಕೆಂಪು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂಬತ್ತೇ ಮೇಜುಗಳ ಒಂದು ಹೋಟೆಲ್ಲಿತ್ತು. ಅಲ್ಲಿಗೆ ಅಡುಗೆಯವಳಾಗಿ ಸೇರಿದ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೆ ಐವತ್ತರ ಹತ್ತಿರ ವಯಸ್ಸು, ಮಾತು ಕಡಿಮೆ. ಅವಳ ಸೂಪು, ಹುರಿದ ಆಲೂಗಡ್ಡೆ, ಮೀನು ಎಲ್ಲವನ್ನೂ ಗಿರಾಕಿಗಳು ಮೆಚ್ಚಿದ್ದರು. ಕೆಟ್ಟ ಹೆಸರು ಬಂದದ್ದು ಪೋರ್ಕ್ ಚಾಪ್ಸ್‌ನಿಂದ, ಮೂಳೆ ಸಹಿತ ಬೇಯಿಸುವ ಹಂದಿಮಾಂಸದ ತುಂಡುಗಳಿಂದ.

ಸೇರಿದ ಮೂರನೆಯ ವಾರ ಒಬ್ಬ ಗಿರಾಕಿ ತನ್ನ ತಟ್ಟೆಯನ್ನು ತಾನೇ ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ.

"ಏನಮ್ಮಾ, ಇದನ್ನ ತಿನ್ನಬೇಕಾ, ಇಲ್ಲಾ ಕಾಲಿಗೆ ಹಾಕ್ಕೊಂಡು ಹೋಗಬೇಕಾ?"

ಹಿಂದೆಯೇ ಬಂದ ಯಜಮಾನಿ ನಗುತ್ತಾ ಅವನನ್ನು ಸಮಾಧಾನಪಡಿಸಿ ಬೇರೆ ಊಟ ಕೊಡಿಸಿದಳು. ಅವನು ಅತ್ತ ಹೋದ ಮೇಲೆ ಅವಳ ಮುಖದಲ್ಲಿ ನಗು ಉಳಿಯಲಿಲ್ಲ. ಯಜಮಾನಿ ದೊಡ್ಡಕ್ಕನಿಗಿಂತ ಹದಿನೈದು ವರ್ಷ ಚಿಕ್ಕವಳು. ಹಾಗಾಗಿ ಗದರುವಾಗಲೂ ಬಹುವಚನ ಬಿಡುತ್ತಿರಲಿಲ್ಲ.

"ದೊಡ್ಡಕ್ಕ, ಎಷ್ಟು ಹೊತ್ತು ಓವನ್‌ನಲ್ಲಿಟ್ರಿ ಇದನ್ನ?"

"ಬೇಯೋವಷ್ಟು ಹೊತ್ತು, ಮೇಡಂ."

"ಇದು ಬೆಂದು, ಸತ್ತು, ಇನ್ನೊಂದು ಸಲ ಬೆಂದಿದೆ. ಈ ವಾರ ಇದು ನಾಲ್ಕನೇ ತಟ್ಟೆ ವಾಪಸ್ ಬರ್ತಿರೋದು. ನಾಳೆ ನಾನೇ ಮಾಡಿ ತೋರಿಸ್ತೀನಿ, ನೋಡ್ಕೊಳ್ಳಿ."

ಮರುದಿನ ಯಜಮಾನಿ ಬೆಳಿಗ್ಗೆಯೇ ಬಂದಳು. ಎರಡು ಬೆರಳು ದಪ್ಪದ, ಮೂಳೆ ಸಹಿತವಾದ ತುಂಡುಗಳನ್ನು ಆರಿಸಿ, ಚೂರು ಸಕ್ಕರೆ ಕರಗಿಸಿದ ಉಪ್ಪುನೀರಿನಲ್ಲಿ ಮುಳುಗಿಸಿ ಎರಡು ಗಂಟೆ ಫ್ರಿಜ್‌ನಲ್ಲಿಟ್ಟಳು. ತೆಗೆದ ಮೇಲೆ ಬಟ್ಟೆಯಲ್ಲಿ ಒತ್ತಿ ನೀರಿನ ಪಸೆಯಿಲ್ಲದಂತೆ ಒರೆಸಿ, ಕರಿಮೆಣಸು, ಬೆಳ್ಳುಳ್ಳಿ ಹಚ್ಚಿದಳು. ಕಬ್ಬಿಣದ ಬಾಣಲೆಯಲ್ಲಿ ಎರಡೂ ಕಡೆ ಕೆಂಪಗೆ ಮಾಡಿ, ಕಾದ ಓವನ್ನಿಗೆ ತಳ್ಳಿದಳು. ಏಳೆಂಟು ನಿಮಿಷಕ್ಕೇ ಬಾಗಿಲು ತೆಗೆದು, ಮೂಳೆಗೆ ತಾಗದಂತೆ ಮಾಂಸದ ನಡುವಿಗೆ ಥರ್ಮಾಮೀಟರಿನ ಸೂಜಿ ಚುಚ್ಚಿದಳು.

"ಅರವತ್ಮೂರು ಡಿಗ್ರಿ. ಬಂತು ನೋಡಿ. ಈಗ ಹೊರಗೆ ತೆಗೆದು, ಮುಚ್ಚಿ, ಐದು ನಿಮಿಷ ಅದರ ಪಾಡಿಗೆ ಅದನ್ನ ಬಿಡಬೇಕು. ಈಗಲೇ ಕುಯ್ದರೆ ರಸವೆಲ್ಲ ಹಲಗೆ ಪಾಲು."

ಐದು ನಿಮಿಷದ ಮೇಲೆ ಯಜಮಾನಿ ಒಂದನ್ನು ಕುಯ್ದಳು. ಚಾಕು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಕುಯ್ದ ಮೈಯಲ್ಲಿ ರಸ ಹನಿಹನಿಯಾಗಿ ಮೂಡಿತು. ಒಳಗಿನ ಮಾಂಸ ಬೆಳ್ಳಗಿತ್ತು, ಮೂಳೆಯ ಪಕ್ಕದಲ್ಲಿ ಮಾತ್ರ ತೆಳುವಾಗಿ ಕೆಂಪು.

ಆ ಕೆಂಪು ಕಂಡದ್ದೇ ದೊಡ್ಡಕ್ಕ ಮುಂದಕ್ಕೆ ನುಗ್ಗಿದಳು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವಳು ಟ್ರೇಯನ್ನು ಎತ್ತಿ ಮತ್ತೆ ಓವನ್ನಿಗೆ ತಳ್ಳಿ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಏನ್ ಮಾಡ್ತಿದೀರಾ? ತೆಗೀರಿ!"

"ಇಲ್ಲ ಮೇಡಂ. ಇದು ಹಸಿ. ಇದನ್ನ ನಾನು ಯಾರಿಗೂ ಬಡಿಸಲ್ಲ."

"ಅಳತೆ ನಿಮ್ಮ ಕಣ್ಣೆದುರಿಗೇ ತೋರಿಸ್ದೆ ತಾನೆ? ಅರವತ್ಮೂರು ಬಂದ್ರೆ ಮೂಳೆ ಹತ್ರ ಕೆಂಪಿದ್ರೂ ಬೆಂದಿರುತ್ತೆ."

ದೊಡ್ಡಕ್ಕ ಕದಲಲಿಲ್ಲ. ಯಜಮಾನಿ ಕೈಯಲ್ಲಿದ್ದ ಚಾಕುವನ್ನು ಹಲಗೆಯ ಮೇಲಿಟ್ಟಳು.

"ನೋಡಿ, ನಿಮ್ಮ ಕೈರುಚಿ ಚೆನ್ನಾಗಿದೆ, ನಿಮ್ಮನ್ನ ಕಳಿಸೋಕೆ ನನಗೆ ಇಷ್ಟ ಇಲ್ಲ. ಆದ್ರೆ ಇದೇ ಹಟ ಆದ್ರೆ ಕಷ್ಟ. ಸೋಮವಾರ ರಜೆ ಇದೆಯಲ್ಲ, ಮನೇಲಿ ಕೂತು ಯೋಚನೆ ಮಾಡಿ. ನಾನು ತೋರಿಸಿದ ಹಾಗೆ ಮಾಡ್ತೀರಾ ಇಲ್ವಾ ಅಂತ ಮಂಗಳವಾರ ಬಂದು ಹೇಳಿ."

ದೊಡ್ಡಕ್ಕ ಹೀಗಾಗಲು ಕಾರಣವಿತ್ತು. ಮೂರು ವರ್ಷದ ಹಿಂದೆ ಅವಳು ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವಳಾಗಿದ್ದಳು. ಒಂದು ಗುರುವಾರ ಮಧ್ಯಾಹ್ನದ ಊಟಕ್ಕೆ ನೂರಿಪ್ಪತ್ತು ಚಾಪ್ಸ್ ಮಾಡಿದ್ದಳು. ಸಂಜೆ ಹೊತ್ತಿಗೆ ಹತ್ತೊಂಬತ್ತು ಜನ ವಾಂತಿಭೇದಿಯೆಂದು ಆಸ್ಪತ್ರೆ ಸೇರಿದರು. ಹದಿನೆಂಟು ಜನ ಎರಡು ಮೂರು ದಿನದಲ್ಲಿ ಎದ್ದು ಓಡಾಡಿದರು. ಗೇಟಿನ ವಾಚ್‌ಮನ್ ಮಾತ್ರ ಮೂರು ವಾರ ಹಾಸಿಗೆ ಹಿಡಿದ. ಅವನ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಮತ್ತೆ ಅವನು ಕೆಲಸಕ್ಕೆ ಮರಳಲಿಲ್ಲ. ತನಿಖೆಗೆ ಬಂದವರು ಕ್ಯಾಂಟೀನಿನ ದೊಡ್ಡ ಫ್ರಿಜ್ ಸರಿಯಾಗಿ ತಂಪಾಗುತ್ತಿರಲಿಲ್ಲವೆಂದು ಬರೆದರು, ಮಾಂಸ ಸರಿಯಾಗಿ ಬೆಂದಿರಲಿಕ್ಕಿಲ್ಲವೆಂದೂ ಬರೆದರು. ಯಾವುದು ನಿಜವಾದ ಕಾರಣವೆಂದು ಕೊನೆಗೂ ತೀರ್ಮಾನವಾಗಲಿಲ್ಲ. ಕ್ಯಾಂಟೀನ್ ಮುಚ್ಚಿತು.

ಆದರೆ ವರದಿಯಲ್ಲಿ ಇಲ್ಲದ ಒಂದು ವಿಷಯ ದೊಡ್ಡಕ್ಕನಿಗೆ ಗೊತ್ತಿತ್ತು. ಅವತ್ತು ಕೊನೆಯ ಟ್ರೇ ತೆಗೆದಾಗ ಅವಳು ಒಂದು ತುಂಡನ್ನು ಕುಯ್ದು ನೋಡಿದ್ದಳು. ಮೂಳೆಯ ಪಕ್ಕ ಕೆಂಪಗಿತ್ತು. ಹೊರಗೆ ಸಾಲು ಉದ್ದವಾಗಿತ್ತು, ಜನ ತಟ್ಟೆ ಬಡಿಯುತ್ತಿದ್ದರು. 'ಬಿಸಿಗೆ ತಾನಾಗೇ ಬೇಯುತ್ತೆ' ಎಂದುಕೊಂಡು ಬಡಿಸಿಬಿಟ್ಟಿದ್ದಳು. ವಿಚಾರಣೆಯಲ್ಲಿ ಕೇಳಿದಾಗ, "ಎಲ್ಲಾ ಚೆನ್ನಾಗಿ ಬೆಂದಿತ್ತು" ಎಂದಳು. ಅಲ್ಲಿಂದಾಚೆ ಅವಳು ಮಾಂಸವನ್ನು ಚಕ್ಕಳವಾಗುವ ತನಕ ಬೇಯಿಸತೊಡಗಿದಳು.

ಅವಳು ತಮ್ಮನ ಮನೆಯಲ್ಲಿದ್ದಳು. ಭಾನುವಾರ ಸಂಜೆ ಅನ್ನ ಮುಟ್ಟದೆ ಕೂತಿದ್ದವಳನ್ನು ತಮ್ಮ ಕೇಳಿದ, "ಏನಾಯ್ತಕ್ಕಾ? ಆ ಹಳೇ ವಿಷಯಾನೇ ಇನ್ನೂ ತಲೇಲಿಟ್ಟುಕೊಂಡಿದೀಯಾ? ಫ್ರಿಜ್ ಕೆಟ್ಟಿತ್ತು ಅಂತ ಅವರೇ ಬರೆದಿಲ್ವಾ? ನೀನ್ಯಾಕೆ ಮೈಮೇಲೆ ಎಳ್ಕೋತೀಯ?"

ದೊಡ್ಡಕ್ಕ ತಟ್ಟೆಯನ್ನು ಸರಿಸಿ ಎದ್ದಳು. ಅವನಿಗೆ ನಿಜ ಹೇಳಲಾಗಲಿಲ್ಲ. ಮೂರು ವರ್ಷದಿಂದ ತಮ್ಮ ಅವಳ ಪರವಾಗಿ ಊರೆಲ್ಲ ಜಗಳವಾಡಿದ್ದ.

ಸೋಮವಾರ ಬೆಳಿಗ್ಗೆ ಅವಳು ಎರಡು ಬಸ್ಸು ಬದಲಾಯಿಸಿ ವಾಚ್‌ಮನ್ನನ ಮನೆ ಹುಡುಕಿಕೊಂಡು ಹೋದಳು. ಬಾಗಿಲು ತೆಗೆದ ಅವನ ಹೆಂಡತಿ ಕೂಡಲೇ ಗುರುತು ಹಿಡಿದಳು. ಒಳಗೆ ಕರೆಯಲಿಲ್ಲ.

"ಓಹೋ, ಈಗ ದಾರಿ ಗೊತ್ತಾಯ್ತಾ? ಮೂರು ವರ್ಷ ಎಲ್ಲಿ ಹೋಗಿದ್ರಿ?"

"ಯಾರೇ ಅದು?" ಒಳಗಿನಿಂದ ದನಿ ಕೇಳಿತು. "ಬಿಡು, ಬರಲಿ."

ಗೇಟಿನಲ್ಲಿ ಲಾರಿಗಳನ್ನು ಒಂದೇ ಕೂಗಿಗೆ ನಿಲ್ಲಿಸುತ್ತಿದ್ದ ಆಳು ಈಗ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದ. ಕಾಲು ಊದಿದ್ದವು. ಪಕ್ಕದಲ್ಲಿ ಗೆರೆ ಎಳೆದ ಒಂದು ನೀರಿನ ಬಾಟಲಿ. ದಿನಕ್ಕೆ ಆ ಗೆರೆ ದಾಟಿ ಕುಡಿಯುವಂತಿರಲಿಲ್ಲ.

"ಕೂತ್ಕೊ ತಂಗಿ. ಏನು ಇಷ್ಟು ದೂರ?"

ದೊಡ್ಡಕ್ಕ ಕೂರಲಿಲ್ಲ. ಕೂತರೆ ಧೈರ್ಯ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಅಣ್ಣಾ, ಅವತ್ತು ನಾನು ಒಂದು ತುಂಡು ಕುಯ್ದು ನೋಡಿದ್ದೆ. ಮೂಳೆ ಹತ್ರ ಕೆಂಪಗಿತ್ತು. ಗೊತ್ತಿದ್ದೂ ಬಡಿಸ್ದೆ. ಕೇಳಿದಾಗ ಸುಳ್ಳು ಹೇಳ್ದೆ."

ಹೆಂಡತಿಯ ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಟಕ್ಕೆಂದು ಕೂತಿತು. "ಕೇಳಿಸ್ಕೊಂಡ್ರಾ? ನಾನು ಅವತ್ತೇ ಹೇಳಿರ್ಲಿಲ್ವಾ?" ಎಂದವಳು ಸೆರಗು ಬಾಯಿಗೊತ್ತಿಕೊಂಡು ಒಳಕ್ಕೆ ಹೋಗಿಬಿಟ್ಟಳು.

ವಾಚ್‌ಮನ್ ಊದಿದ ಕಾಲಿನ ಮೇಲೆ ಕೈಯಾಡಿಸಿದ.

"ನಾನು ಎರಡು ತಿಂದಿದ್ದೆ ಅವತ್ತು," ಎಂದ. "ಕೊನೇ ಟ್ರೇದೋ, ಮೊದಲನೇ ಟ್ರೇದೋ ಯಾರಿಗೆ ಗೊತ್ತು."

"ನನ್ನನ್ನ ಏನು ಬೇಕಾದ್ರೂ ಅನ್ನಿ ಅಣ್ಣಾ."

"ಅಂದ್ರೆ ಏನಾಗುತ್ತೆ? ಬೈದ್ರೆ ನನ್ನ ಕಾಲಿನ ಊತ ಇಳಿಯಲ್ಲ. ಪರವಾಗಿಲ್ಲ ಬಿಡು ಅನ್ನೋಣ ಅಂದ್ರೆ, ನನಗೆ ನೋವಾಗಿದೆ. ಸುಳ್ಳು ಹೇಳೋದು ಹೇಗೆ?" ಅವನು ಉಸಿರು ಎಳೆದುಕೊಂಡ. "ಈಗಲೂ ಅಡುಗೆ ಮಾಡ್ತೀಯಾ?"

"ಮಾಡ್ತೀನಿ. ಆದ್ರೆ ಹೆದರಿ ಎಲ್ಲಾನೂ ಒಣಗಿಸಿಬಿಡ್ತೀನಿ."

"ಹೆದರಿಕೆ ಮೇಲೆ ಮಾಡಿದ್ರೂ ಅಂದಾಜೇ, ಅವಸರದಲ್ಲಿ ಮಾಡಿದ್ರೂ ಅಂದಾಜೇ. ಅವತ್ತೂ ನೀನು ಅಂದಾಜಿನ ಮೇಲೆ ಹೋದೆ. ನೋಡಿ ಮಾಡು ತಂಗಿ. ಅಳೆದು ಮಾಡು." ಅವನು ಕಣ್ಣು ಮುಚ್ಚಿಕೊಂಡ. "ಈಗ ಹೊರಡು. ಅವಳು ಅಳ್ತಾ ಇದಾಳೆ, ನೀನು ಹೋಗದೆ ಹೊರಗೆ ಬರಲ್ಲ."

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ಬಸ್ಸಿನಲ್ಲಿ ಕೂತು ದೊಡ್ಡಕ್ಕ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಹೇಳಿದ್ದರೆ ಒಪ್ಪಿಕೊಳ್ಳಲು ತನಗೂ ಆಗುತ್ತಿರಲಿಲ್ಲವೇನೋ. ಮನೆಗೆ ಬಂದವಳೇ ತಮ್ಮನನ್ನು ಕೂರಿಸಿಕೊಂಡು ಎಲ್ಲ ಹೇಳಿದಳು. ಅವನು ಎದ್ದು ಹೋಗಿ, ಕತ್ತಲಾಗುವ ತನಕ ಅಂಗಳದಲ್ಲಿದ್ದ. ಆಮೇಲೆ ಒಳಗೆ ಬಂದು, "ಊಟ ಮಾಡು," ಎಂದನಷ್ಟೇ.

ಮಂಗಳವಾರ ದೊಡ್ಡಕ್ಕ ಹೋಟೆಲ್ಲಿಗೆ ಎಲ್ಲರಿಗಿಂತ ಮೊದಲು ಹೋದಳು. ಯಜಮಾನಿ ಬರುವ ಹೊತ್ತಿಗೆ ತುಂಡುಗಳು ಉಪ್ಪುನೀರಿನಲ್ಲಿ ನೆನೆದು, ಒರೆಸಿಕೊಂಡು ಸಿದ್ಧವಾಗಿದ್ದವು. ಹನ್ನೊಂದೂವರೆಗೆ ಮೊದಲ ಟ್ರೇ ಒಳಗೆ ಹೋಯಿತು. ತೆಗೆದಾಗ ಒಂದರಲ್ಲಲ್ಲ, ಹನ್ನೆರಡರಲ್ಲೂ ಒಂದೊಂದಾಗಿ ಸೂಜಿ ಚುಚ್ಚಿ ನೋಡಿದಳು. ಎರಡು ತುಂಡು ಐವತ್ತೊಂಬತ್ತರಲ್ಲಿದ್ದವು. ಅವೆರಡನ್ನೇ ಮತ್ತೆ ಒಳಗಿಟ್ಟಳು. ಉಳಿದವನ್ನು ಮುಚ್ಚಿ, ಗೋಡೆಯ ಗಡಿಯಾರ ನೋಡುತ್ತಾ ನಿಂತಳು. ಐದು ನಿಮಿಷವಾದ ಮೇಲೆ ಒಂದನ್ನು ತನ್ನ ತಟ್ಟೆಗೆ ಹಾಕಿಕೊಂಡು ಕುಯ್ದಳು. ರಸ ಒಸರಿತು. ಮೂಳೆಯ ಪಕ್ಕ ಅದೇ ತೆಳು ಕೆಂಪು. ಒಂದು ಚೂರು ಬಾಯಿಗಿಟ್ಟಳು. ಮೊದಲ ತುತ್ತು ಬಾಯಲ್ಲೇ ನಿಂತಿತು. ಮೂರು ವರ್ಷದಿಂದ ಅವಳು ಹಂದಿಮಾಂಸ ತಿಂದಿರಲಿಲ್ಲ. ಅಗಿದಳು, ನುಂಗಿದಳು. ಮೃದುವಾಗಿತ್ತು. ರುಚಿಯಾಗಿತ್ತೆನ್ನುವುದಕ್ಕೇ ಅವಳಿಗೆ ಸಂಕಟವಾಯಿತು.

"ಮೇಡಂ," ಎಂದಳು, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಯಜಮಾನಿಗೆ. "ಬಡಿಸೋಕೆ ಮುಂಚೆ ಒಂದು ಮಾತು ಹೇಳಬೇಕು."

ಎಲ್ಲವನ್ನೂ ಹೇಳಿದಳು. ಯಜಮಾನಿಯ ಮುಖ ಬಿಗಿದುಕೊಂಡಿತು.

"ಇದನ್ನ ಸೇರೋವಾಗಲೇ ಹೇಳಬೇಕಿತ್ತು."

"ಹೌದು. ಹೇಳಿದ್ರೆ ನೀವು ಸೇರಿಸ್ಕೋತಿರ್ಲಿಲ್ಲ."

"ಇಲ್ಲ, ಸೇರಿಸ್ಕೋತಿರ್ಲಿಲ್ಲ." ಹೊರಗೆ ಕುರ್ಚಿಗಳು ಸರಿಯುವ ಸದ್ದು ಕೇಳುತ್ತಿತ್ತು. ಯಜಮಾನಿ ಒಳಗೆ ಬಂದು ಥರ್ಮಾಮೀಟರ್ ಎತ್ತಿಕೊಂಡು ತಾನೇ ಎಲ್ಲವನ್ನೂ ಇನ್ನೊಮ್ಮೆ ಚುಚ್ಚಿ ನೋಡಿದಳು. "ಇವತ್ತಿಗೆ ಬಡಿಸಿ. ಮಿಕ್ಕಿದ್ದು ಆಮೇಲೆ ನೋಡೋಣ."

ಆ ದಿನ ಒಂದು ತಟ್ಟೆಯೂ ವಾಪಸ್ ಬರಲಿಲ್ಲ. ದೊಡ್ಡಕ್ಕನಿಗೆ ಅದರಿಂದ ನೆಮ್ಮದಿಯಾಗಲಿಲ್ಲ. ಬುಧವಾರವೆಲ್ಲ ಹೋಟೆಲಿನ ಫೋನು ರಿಂಗಾದಾಗಲೆಲ್ಲ ಸೌಟು ಕೆಳಗಿಟ್ಟು ಬಾಗಿಲಿಗೆ ಬಂದು ಕಿವಿಗೊಡುತ್ತಿದ್ದಳು. ಗುರುವಾರವೂ ಹಾಗೇ. ಯಾರೂ ಕಾಯಿಲೆ ಬೀಳಲಿಲ್ಲ. ಫೋನು ಮಾಡಿದವರು ಮೇಜು ಖಾಲಿ ಇದೆಯೇ ಎಂದಷ್ಟೇ ಕೇಳಿದರು.

ಯಜಮಾನಿ ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಮೊದಲಿನ ಸಲಿಗೆಯನ್ನೂ ಇಟ್ಟುಕೊಳ್ಳಲಿಲ್ಲ. ತಿಂಗಳುಗಟ್ಟಲೆ ಪ್ರತಿ ಟ್ರೇಯನ್ನೂ ತಾನೇ ಬಂದು ಅಳೆದು ನೋಡುತ್ತಿದ್ದಳು. ದೊಡ್ಡಕ್ಕ ಪಕ್ಕಕ್ಕೆ ಸರಿದು ನಿಂತು ಜಾಗ ಕೊಡುತ್ತಿದ್ದಳು. ಅದರಲ್ಲಿ ಅವಮಾನವೇನೂ ಅವಳಿಗೆ ಕಾಣಲಿಲ್ಲ. ಇನ್ನೊಂದು ಜೊತೆ ಕಣ್ಣು ನೋಡುತ್ತಿದೆಯಲ್ಲ ಎಂದು ಹಗುರವೇ ಆಗುತ್ತಿತ್ತು.

ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ, ಗಿರಾಕಿಗಳ ಗಲಾಟೆಯ ನಡುವೆ, ಯಜಮಾನಿ ಬಾಗಿಲಿನಿಂದಲೇ ಕೂಗಿದಳು: "ದೊಡ್ಡಕ್ಕ, ಆರು ಚಾಪ್ಸ್ ಬೇಕು, ನೀವೇ ನೋಡಿ ಕಳಿಸಿಬಿಡಿ, ನನಗೆ ಇಲ್ಲಿ ಪುರುಸೊತ್ತಿಲ್ಲ."

ದೊಡ್ಡಕ್ಕ ಥರ್ಮಾಮೀಟರ್ ಕೈಗೆತ್ತಿಕೊಂಡಳು. ಆಮೇಲೆ, "ಇಪ್ಪತ್ತು ನಿಮಿಷ ಬೇಕು ಮೇಡಂ, ಕಾಯೋಕೆ ಹೇಳಿ," ಎಂದು ಓವನ್ನಿನ ಕಡೆ ತಿರುಗಿದಳು.