ಭರಮಣ್ಣನ ಎಡಗೈ

"ನಂಗೇನೂ ಬ್ಯಾಡಲೇ. ನೀ ತಿನ್ನು, ನಾ ಕುಂತಿರ್ತೀನಿ," ಎಂದ ಭರಮಣ್ಣ, ನೂಡಲ್ಸಿನ ತಟ್ಟೆಗಳು ಮೇಜಿಗೆ ಬಂದ ಮೇಲೆ. ಬಲಗೈ ಎಂದಿನಂತೆ ಟವೆಲ್ಲಿನೊಳಗೆ ಅಡಗಿತ್ತು. ಕೈ ಎಂದರೆ ಮಣಿಕಟ್ಟಿನವರೆಗೆ ಮಾತ್ರ. ಎರಡು ವರ್ಷದ ಹಿಂದೆ ಸಂಡೂರಿನ ಗಣಿಯೊಂದರಲ್ಲಿ ಅದಿರು ಸಾಗಿಸುವ ಬೆಲ್ಟಿಗೆ ಸಿಕ್ಕ ಕಲ್ಲು ತೆಗೆಯಲು ಹೋದಾಗ ಉಳಿದದ್ದು ಅದರ ಪಾಲಾಗಿತ್ತು.

"ಎರಡೂ ನಾನೇ ತಿನ್ಲೇನು? ಮೊದ್ಲೇ ಅಂಗಿ ಗುಂಡಿ ಹತ್ತವಲ್ವು," ಎಂದ ಜಂಬುನಾಥ. ಇಬ್ಬರೂ ಅದೇ ಗಣಿಯಲ್ಲಿ ಇಪ್ಪತ್ತು ವರ್ಷ ಒಂದೇ ಬುತ್ತಿ ಬಿಚ್ಚಿ ಉಂಡವರು.

ಹೊಸಪೇಟೆಯ ಈ ಫುಡ್ ಕೋರ್ಟಿಗೆ ಜಂಬುನಾಥ ಗೆಳೆಯನನ್ನು ಪುಸಲಾಯಿಸಿ ಕರೆತಂದದ್ದು ಸುಮ್ಮನೆ ಅಲ್ಲ. ಬರುವ ಭಾನುವಾರ ಭರಮಣ್ಣನ ಮಗಳು ತುಳಸಿಯ ಮದುವೆ. ಭೂಮದ ಊಟದಲ್ಲಿ ಹೆತ್ತವರು ಎಲ್ಲರೆದುರು ಕೂತು ಮದುಮಕ್ಕಳ ಬಾಯಿಗೆ ತುತ್ತಿಡುವುದು ಅವರ ಮನೆತನದ ರೂಢಿ. ಎಡಗೈಯಲ್ಲಿ ತುತ್ತಿಡುವುದು ಹೇಗೆಂದು ಅಪ್ಪನೇ ಕೂರುವುದಿಲ್ಲ ಎಂದು ಹಟ ಹಿಡಿದಿದ್ದ. ಕೈ ಹೋದಂದಿನಿಂದ ಅವನು ಯಾರ ಮನೆಯ ಪಂಕ್ತಿಯಲ್ಲೂ ಕೂತಿಲ್ಲ. ಸ್ವಂತ ಮನೆಯಲ್ಲೂ ಗೋಡೆಗೆ ಮುಖ ಮಾಡಿ ಉಣ್ಣುತ್ತಾನೆ. "ಕಾಕಾ, ಅಪ್ಪ ಕುಂದ್ರಲಿಲ್ಲಂದ್ರ ನಾನೂ ಭೂಮಕ್ಕ ಕುಂದ್ರಂಗಿಲ್ಲ," ಎಂದು ತುಳಸಿ ನಿನ್ನೆ ಬಂದು ಗೊಳೋ ಎಂದು ಅತ್ತಿದ್ದಳು. ಫೋರ್ಕಿನಲ್ಲಿ ತಿನ್ನುವ ತಿನಿಸಾದರೆ ಎಡಗೈ ಯಾವುದು ಬಲಗೈ ಯಾವುದು ಎಂದು ಯಾರು ನೋಡುತ್ತಾರೆ ಎಂಬುದು ಜಂಬುನಾಥನ ಉಪಾಯ. ಆದರೆ ಆ ಫೋರ್ಕು ಜಂಬುನಾಥನ ಮಾತನ್ನೇ ಕೇಳಲಿಲ್ಲ. ಎತ್ತಿದ ನೂಡಲ್ಸೆಲ್ಲ ಜಾರಿ ಅಂಗಿಯ ಮೇಲೆ ಬಿತ್ತು.

"ಥೂ ನಿನ್ನ! ಕೂಸಿನಂಗ ಚೆಲ್ಲಿಕೊಂತೀ," ಎಂದು ಭರಮಣ್ಣ ನಕ್ಕ. ನಗುತ್ತಲೇ ಪಕ್ಕದ ಮೇಜಿನತ್ತ ನೋಡಿದ. ಹಂಪಿ ಸುತ್ತಿ ಬಂದ ಪರದೇಶದ ಹೆಂಗಸೊಬ್ಬಳು ಎರಡು ಕಡ್ಡಿಗಳಲ್ಲಿ ನೂಡಲ್ಸು ಎತ್ತಿ ತಿನ್ನುತ್ತಿದ್ದಳು. ಬಲಗೈಯಲ್ಲಿ ಫೋನು, ಎಡಗೈಯಲ್ಲಿ ಕಡ್ಡಿ.

"ಲೇ ಜಂಬ್ಯಾ, ಆಯಮ್ಮಗ ಬಲಗೈ ನೆಟ್ಟಗೈತಲ್ಲ?"

"ಐತಿ."

"ಮತ್ತ ಎಡಗೈಲೆ ಯಾಕ ತಿಂತಾಳ?"

"ಆಕೀಗೆ ಹಂಗ ರೂಢಿ ಇರಬೇಕು."

ಭರಮಣ್ಣ ಸುತ್ತಲೂ ಕಣ್ಣಾಡಿಸಿದ. ಎಲ್ಲರೂ ತಮ್ಮ ತಮ್ಮ ತಟ್ಟೆಯಲ್ಲಿ ಮುಳುಗಿದ್ದರು. "ಯಾರೂ ನೋಡವಲ್ರು," ಎಂದ, ತನಗೇ ಹೇಳಿಕೊಳ್ಳುವಂತೆ.

ಮೇಜಿನ ಲೋಟದಲ್ಲಿದ್ದ ಕಡ್ಡಿಗಳನ್ನು ಎಡಗೈಯಿಂದ ಎಳೆದುಕೊಂಡ. ಮೊದಲ ಸಲ ಒಂದು ಕಡ್ಡಿ ಜಾರಿತು. ಎರಡನೆಯ ಸಲ ಎರಡೂ ಒಂದರ ಮೇಲೊಂದು ಅಡ್ಡ ಬಿದ್ದವು. ಜಂಬುನಾಥ ಸಹಾಯಕ್ಕೆ ಕೈಚಾಚಲಿಲ್ಲ. ಪಕ್ಕದ ಮೇಜಿನವಳ ಬೆರಳುಗಳನ್ನು ಇನ್ನೊಮ್ಮೆ ನೋಡಿ ಭರಮಣ್ಣ ಕಡ್ಡಿಗಳನ್ನು ಸರಿಪಡಿಸಿಕೊಂಡ. ಮೂರನೆಯ ಸಲ ಕಡ್ಡಿಗಳ ತುದಿಗಳು ಮೆಲ್ಲಗೆ ಕೂಡಿದವು. ಒಂದು ಹಿಡಿ ನೂಡಲ್ಸು ಅಲುಗದೆ ಮೇಲೆದ್ದು, ಬಾಯಿಯವರೆಗೆ ಬಂದು, ಒಳಗೆ ಹೋಯಿತು. ತಟ್ಟೆಯ ಹೊರಗೆ ಒಂದೆಳೆಯೂ ಬೀಳಲಿಲ್ಲ.

ಜಂಬುನಾಥ ಆ ಕೈಯನ್ನೇ ನೋಡಿದ. ಅದಿರು ಅಗೆಯುವ ಹಿಟಾಚಿ ಯಂತ್ರ ಓಡಿಸುವಾಗ ಎಡಗಡೆಯ ಲಿವರ್ ಹಿಡಿಯುತ್ತಿದ್ದ ಕೈ ಅದು. ಗುಡ್ಡದಷ್ಟು ಅದಿರನ್ನು ಚೂರೂ ಧೂಳೇಳದಂತೆ ಲಾರಿಗೆ ಇಳಿಸುವುದನ್ನು ನೋಡಲು ಬೇರೆ ಡ್ರೈವರುಗಳು ಗಾಡಿ ನಿಲ್ಲಿಸಿ ಇಳಿಯುತ್ತಿದ್ದರು. ಆ ಕೈ ಎಲ್ಲಿಗೂ ಹೋಗಿರಲಿಲ್ಲ, ಇಷ್ಟು ದಿನ ಇಲ್ಲೇ ಇತ್ತು! ತಾನಾಗಲಿ, ಬೇರೆ ಯಾರೇ ಆಗಲಿ, ಎರಡು ವರ್ಷ ನೋಡಿದ್ದು ಬರೀ ಇಲ್ಲದ ಕೈಯನ್ನೇ ಎನಿಸಿತು ಅವನಿಗೆ.

"ಮಸ್ತ್ ಐತಿ," ಎಂದ ಭರಮಣ್ಣ, ತಟ್ಟೆ ಅರ್ಧ ಖಾಲಿ ಮಾಡಿ.

ಆಮೇಲೆ ಕಡ್ಡಿಗಳನ್ನು ಪಕ್ಕಕ್ಕಿಟ್ಟ. ಎಡಗೈಯ ಐದೂ ಬೆರಳುಗಳನ್ನು ನೇರ ನೂಡಲ್ಸಿಗೆ ಹಾಕಿ ಒಂದು ತುತ್ತು ಮಾಡಿದ. ಅದನ್ನು ಜಂಬುನಾಥನತ್ತ ಚಾಚಿದ.

"ಬಾಯಿ ತಗಿ," ಎಂದ.

"ಏನಲೇ?"

"ನಿನ್ನ ತುಳಸಿ ಅಂತ ತಿಳ್ಕೊಂತೀನಿ. ಬಾಯಿ ತಗಿ."

ಎಡಗೈಯಲ್ಲಿ ಪ್ರಸಾದ ಇಸಿದುಕೊಂಡದ್ದಕ್ಕೇ ಚಿಕ್ಕಂದಿನಲ್ಲಿ ಅವ್ವನ ಕೈಲಿ ಏಟು ತಿಂದವನು ಜಂಬುನಾಥ. ಪಕ್ಕದ ಮೇಜಿನ ಹೆಂಗಸು ಈಗ ಇವರತ್ತಲೇ ನೋಡುತ್ತಿದ್ದಳು, ಅಂಗಡಿಯವನೂ ನೋಡುತ್ತಿದ್ದ. ಜಂಬುನಾಥ ಮೇಜಿನ ಮೇಲೆ ಮುಂದಕ್ಕೆ ಬಾಗಿ, ಆ ಕೈಯ ಮುಂದೆ ದೊಡ್ಡದಾಗಿ ಬಾಯಿ ತೆರೆದ.