ಬದು ಅಗಲವಾದ ಬಗೆ

ಆ ದಿನಗಳಲ್ಲಿ ವಿನೋಬನಗರದಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆಯನ್ನು ಹುಡುಕಬೇಕಿತ್ತು. ವಾಕಿಂಗ್ ಮಾಡಿ ಎನ್ನದ ಡಾಕ್ಟರಂತೂ ಹುಡುಕಿದರೂ ಸಿಗುತ್ತಿರಲಿಲ್ಲ. ಆದರೆ ನಡೆಯುವುದೆಲ್ಲಿ? ಎರಡು ಸಾವಿರದ ಮೂರನೇ ಇಸವಿಯ ಹೊತ್ತಿಗೆ ಗದ್ದೆಗಳೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ಮನೆಗಳಾಗಿ, ರಸ್ತೆಗಿಳಿದರೆ ಬೈಕುಗಳು ಮೈಮೇಲೇ ಬರುತ್ತಿದ್ದವು.

ಸುಭದ್ರಮ್ಮನಿಗೆ ಇದು ಸಹಿಸಲಾಗದ ಸಂಗತಿ. ಆಕೆ ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಲ್ಲಿ ಸಂಜೆಯಾದರೆ ಹೆಂಗಸರು ಗುಂಪುಗುಂಪಾಗಿ ಮರಗಳ ಕೆಳಗೆ ಓಡಾಡುತ್ತಿದ್ದರು. ಕನ್ನಡ, ತಮಿಳು, ತೆಲುಗು ಎಲ್ಲ ಕಲಸಿ ಹರಟುತ್ತಿದ್ದರು. ಎಲ್ಲಿಗೆ ಹೊರಟಿರಿ ಎಂದು ಕೇಳುವವರಿರಲಿಲ್ಲ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, ಸುಮ್ಮನೆ ನಾಲ್ಕು ಹೆಜ್ಜೆ ಹಾಕಿ ಬರುತ್ತೇನೆಂದರೂ ಕೈಯಲ್ಲೊಂದು ತರಕಾರಿ ಚೀಲ ಹಿಡಿದಿರಬೇಕಾಯಿತು. ಇದೆಂಥ ಬಾಳು ಎಂದು ಆಕೆಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿದುಕೊಂಡು ಕೂರುವ ಹೆಂಗಸಲ್ಲ ಸುಭದ್ರಮ್ಮ. ಮನೆಗಳ ಹಿಂದೆ ಕಸ ಸಾಗಿಸಲೆಂದು ಬಿಟ್ಟಿದ್ದ ಕನ್ಸರ್ವೆನ್ಸಿ ಗಲ್ಲಿಗಳಿದ್ದವಲ್ಲ, ಅವನ್ನೆಲ್ಲ ಒಂದಕ್ಕೊಂದು ಸೇರಿಸಿದರೆ ಪಾರ್ಕಿನಿಂದ ಶಾಲೆಗೆ, ಶಾಲೆಯಿಂದ ನೀರಿನ ಚಾನಲ್ ಏರಿಗೆ ಗಾಡಿಗಳ ಕಾಟವಿಲ್ಲದೆ ನಡೆಯಬಹುದು ಎಂದು ಆಕೆಗೆ ಹೊಳೆಯಿತು. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಮನೆಮನೆ ತಿರುಗಿದಳು. ಗಲ್ಲಿಗೆ ಚಾಚಿಕೊಂಡಿದ್ದ ಒಬ್ಬರ ಸೌದೆ ರಾಶಿ, ಇನ್ನೊಬ್ಬರ ಬಟ್ಟೆ ಒಗೆಯುವ ಕಲ್ಲು, ಪುಟ್ಟಯ್ಯ ಮೇಷ್ಟ್ರ ಕೋಳಿಗೂಡು, ಎಲ್ಲವನ್ನೂ ಎತ್ತಿಸಿದಳು. ಬೈಸಿಕೊಂಡಳು, ತಿರುಗಿ ಬೈದಳು, ಅದೇ ಮನೆಗಳಲ್ಲಿ ಕಾಫಿ ಕುಡಿದು ರಾಜಿಯಾದಳು. ನಗರಸಭೆಯಿಂದ ದಿವ್ಯಶ್ರೀ ಎಂಬ ಎಳೆಯ ಎಂಜಿನಿಯರ್ ಬಂದು ಎಲ್ಲವನ್ನೂ ಅಳೆದು ನಕ್ಷೆ ಬರೆದಳು.

"ಎಲ್ಲಾ ಚೆನ್ನಾಗಿದೆ ಅಮ್ಮ. ಒಂದೇ ಒಂದು ಕಡೆ ದಾರಿ ಕೂಡ್ತಿಲ್ಲ," ಎಂದಳು ದಿವ್ಯಶ್ರೀ. "ಸೋಮವಾರ ನಮ್ಮ ಸಾಹೇಬ್ರು ನೋಡೋಕೆ ಬರ್ತಾರೆ. ಅಷ್ಟರೊಳಗೆ ಕೂಡ್ಲಿಲ್ಲ ಅಂದ್ರೆ ಈ ದಾರಿಗೆ ಇಟ್ಟಿರೋ ದುಡ್ಡೆಲ್ಲ ಬೇರೆ ಬಡಾವಣೆಗೆ ಹೋಗುತ್ತೆ."

ಆ ಒಂದು ಕಡೆ ಯಾವುದು? ಸುಭದ್ರಮ್ಮನದೇ ಮನೆಯ ಮಗ್ಗುಲು!

ಆಕೆಯ ಗಂಡ ಓಂಕಾರಪ್ಪ ಮತ್ತು ಪಕ್ಕದ ಮನೆಯ ಬೀರಪ್ಪ ಒಂದು ಕಾಲಕ್ಕೆ ಅಕ್ಕಪಕ್ಕದ ಗದ್ದೆಯವರು. ನಡುವೆ ಒಂದು ಬದು. ಮಳೆಗಾಲ ಶುರುವಾದರೆ ಓಂಕಾರಪ್ಪ ಗುದ್ದಲಿ ಹಿಡಿದು ತನ್ನ ಕಡೆಯಿಂದ ಬದುವನ್ನು ಒಂದಿಷ್ಟು ಕೆತ್ತುತ್ತಿದ್ದ. ಮಾರನೆಯ ದಿನ ಬೀರಪ್ಪ ತನ್ನ ಕಡೆಯಿಂದ ಒಂದಿಷ್ಟು ಕೆತ್ತುತ್ತಿದ್ದ. ಜೋಡೆತ್ತು ಹೋಗುವಷ್ಟು ಅಗಲವಿದ್ದ ಬದುವನ್ನು ಈ ಮಹಾನುಭಾವರು ಬೆಕ್ಕು ನಡೆಯುವಷ್ಟಕ್ಕೆ ತಂದಿಟ್ಟರು. ಕೊನೆಗೆ ಮಾತೂ ಬಿಟ್ಟರು. ಗದ್ದೆಗಳನ್ನು ಲೇಔಟಿಗೆ ಕೊಟ್ಟು, ಉಳಿಸಿಕೊಂಡ ತುಂಡಿನಲ್ಲಿ ಮನೆ ಕಟ್ಟಿಕೊಂಡ ಮೇಲೂ ಮಾತು ಹುಟ್ಟಲಿಲ್ಲ. ಬದುವಿನ ಮೇಲೆ ಕಾಂಪೌಂಡ್ ಏಳಿಸಲು ಒಬ್ಬ ಇನ್ನೊಬ್ಬನನ್ನು ಬಿಡಲಿಲ್ಲವಾದ್ದರಿಂದ ಅದು ಹಾಗೇ ಉಳಿಯಿತು. ಹೆಂಡಂದಿರು ಮಾತ್ರ ಆ ಬದುವಿನ ಮೇಲಿಂದಲೇ ಬಳಕೆ ಇಟ್ಟುಕೊಂಡಿದ್ದರು. ಸುಭದ್ರಮ್ಮನ ಕಡೆಯಿಂದ ಸಾರು ಹೋದರೆ ಬೀರಪ್ಪನ ಹೆಂಡತಿ ಕಾಳಮ್ಮನ ಕಡೆಯಿಂದ ಮಲ್ಲಿಗೆ ಬರುತ್ತಿತ್ತು.

ಸುದ್ದಿ ಬಡಾವಣೆಯ ತುಂಬ ಹಬ್ಬಿತು. ಪುಟ್ಟಯ್ಯ ಮೇಷ್ಟ್ರು ಹಾಲಿನ ಬೂತಿನ ಮುಂದೆ ಎಲ್ಲರಿಗೂ ಕೇಳಿಸುವಂತೆ ಅಂದೇಬಿಟ್ಟರು: "ನನ್ನ ಕೋಳಿಗೂಡು ಎತ್ತಿಸಿದ್ರಲ್ಲ ಸುಭದ್ರಮ್ನೋರೇ, ಈಗ ನಿಮ್ಮ ಯಜಮಾನ್ರನ್ನ ಒಂಚೂರು ಸರಿಸಿ ನೋಡಣ!"

ಎಲ್ಲರೂ ನಕ್ಕರು. ಸುಭದ್ರಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಊರಿಗೆಲ್ಲ ಹೇಳಿ ತನ್ನ ಮನೆಯಲ್ಲೇ ಸೋತರೆ ಇನ್ನು ಈ ಜನರ ಮುಂದೆ ಮುಖ ಎತ್ತುವುದು ಹೇಗೆ?

ಮನೆಗೆ ಬಂದವಳೇ ಗಂಡನನ್ನು ಹಿಡಿದಳು. "ರೀ, ಒಂದಡಿ ಬದು ಬಿಟ್ಟು ನಮ್ಮ ಕಡೆಯಿಂದ ಎರಡೂವರೆ ಅಡಿ, ಅವರ ಕಡೆಯಿಂದ ಎರಡೂವರೆ ಅಡಿ. ಅಷ್ಟು ಸಾಕಂತೆ."

"ಅವನು ಕೊಟ್ರೆ ನಾನು ಕೊಡ್ತೀನಿ," ಎಂದ ಓಂಕಾರಪ್ಪ, ಪೇಪರಿನಿಂದ ಕಣ್ಣು ಕೀಳದೆ.

ಆ ಕಡೆ ಬೀರಪ್ಪನೂ ಕಾಳಮ್ಮನಿಗೆ ಅಕ್ಷರಶಃ ಇದೇ ಮಾತು ಹೇಳಿದ್ದ. ಎರಡೂ ಕಡೆ ಒಂದೇ ಮಾತು ಬಂದ ಮೇಲೆ ಇಬ್ಬರೂ ಒಪ್ಪಿದಂತೆಯೇ ಎಂದು ಹೆಂಗಸರು ಬದುವಿನ ಮೇಲೇ ನಿಂತು ತೀರ್ಮಾನಿಸಿದರು. ಭಾನುವಾರ ಮಧ್ಯಾಹ್ನ ದಿವ್ಯಶ್ರೀ ಬಂದು ಎರಡೂ ಕಡೆ ಗೂಟ ಹೊಡೆಸಿ ಸುಣ್ಣದ ಗೆರೆ ಎಳೆಸಿದಳು. ಗಂಡಸರಿಬ್ಬರೂ ತಮ್ಮ ತಮ್ಮ ಜಗಲಿಯಲ್ಲಿ ಕೂತು ನೋಡಿದರು. ಸಂಜೆ ಸುಭದ್ರಮ್ಮ ಮತ್ತು ಕಾಳಮ್ಮ, ನಾಳೆ ಎಲ್ಲರೂ ಬನ್ನಿ ಎಂದು ಬಡಾವಣೆಗೆಲ್ಲ ಹೇಳಿಬರಲು ಹೋದರು.

ಸೋಮವಾರ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೊರಬಂದ ಸುಭದ್ರಮ್ಮ ಬದುವಿನ ಕಡೆ ನೋಡಿದಳು. ಗೂಟಗಳಿರಲಿಲ್ಲ! ಗೂಟ ಕಿತ್ತ ಗುಂಡಿಗಳಷ್ಟೇ ಬಾಯಿ ಬಿಟ್ಟುಕೊಂಡಿದ್ದವು. ಸುಣ್ಣದ ಗೆರೆಯನ್ನು ಯಾರೋ ಕಾಲಿನಲ್ಲಿ ಉಜ್ಜಿದ್ದರು.

"ರೀ! ಬನ್ನಿ ಇಲ್ಲಿ! ಗೂಟ ಕಿತ್ತಿದ್ದು ಯಾರು?"

ಓಂಕಾರಪ್ಪ ಹಲ್ಲುಜ್ಜುತ್ತಲೇ ಬಂದ. "ನಾನೇ."

"ಥೂ! ಈ ವಯಸ್ಸಲ್ಲೂ ನಿಮ್ಮ ಚಾಳಿ ಹೋಗ್ಲಿಲ್ವಾ? ನಾನು ಯಾರಿಗೆ ಮುಖ ತೋರಿಸ್ಲಿ?" ಆಕೆಗೆ ಸಿಟ್ಟಿಗಿಂತ ಅಳುವೇ ಮೊದಲು ಬಂತು. ಆಚೆ ಕಡೆ ಕಾಳಮ್ಮನೂ ಗಂಡನ ಜನ್ಮ ಜಾಲಾಡುತ್ತಿದ್ದಳು. ಅಲ್ಲಿಯ ಗೂಟಗಳೂ ಮಾಯವಾಗಿದ್ದವು.

ಅಷ್ಟರಲ್ಲಿ ಜನ ಸೇರಿದರು. ಪುಟ್ಟಯ್ಯ ಮೇಷ್ಟ್ರು ಎಲ್ಲರಿಗಿಂತ ಮುಂದೆ ನಿಂತಿದ್ದರು. ಟೇಪು ಹಿಡಿದು ಬಂದ ದಿವ್ಯಶ್ರೀ ಗುಂಡಿಗಳನ್ನು ನೋಡಿ ಕಂಗಾಲಾದಳು. "ಗೂಟ ಎಲ್ಲಿ ಸರ್?"

ಓಂಕಾರಪ್ಪ ಗದ್ದ ಎತ್ತಿ ತೋರಿಸಿದ. ದಾಸವಾಳದ ಗಿಡವನ್ನೂ ಬಸಳೆ ಚಪ್ಪರವನ್ನೂ ದಾಟಿ, ತನ್ನದೇ ಬಚ್ಚಲುಮನೆಯ ಗೋಡೆಗೆ ತಾಗಿದಂತೆ ಗೂಟಗಳು ಸಾಲಾಗಿ ನಿಂತಿದ್ದವು. ಬೀರಪ್ಪನ ಗೂಟಗಳು ಅವನ ಅಂಗಳದೊಳಗೆ, ನೀರು ಕಾಯಿಸುವ ಹಂಡೆ ಒಲೆಯನ್ನೂ ದಾಟಿ ನಿಂತಿದ್ದವು. ದಿವ್ಯಶ್ರೀ ಟೇಪು ಎಳೆದಳು, ನಂಬಿಕೆ ಬರದೆ ಮತ್ತೊಮ್ಮೆ ಎಳೆದಳು.

"ಆರಡಿ ಇರ್ಬೇಕಿತ್ತು ಅಮ್ಮ. ಹತ್ತಡಿ ಇದೆ!"

"ನಿನ್ನೆ ಸಂಜೆ ನೋಡ್ತೀನಿ, ಆ ಆಸಾಮಿ ತನ್ನ ಗೂಟ ಅಂಗಳದೊಳಕ್ಕೆ ಒಂದಡಿ ಸರಿಸಿ ಹಾಕ್ಕೊಂಡಿದ್ದ," ಎಂದ ಓಂಕಾರಪ್ಪ ಹೆಂಡತಿಗೆ. "ಊರವರು ಬೀರಪ್ಪಂದೇ ದೊಡ್ಡ ಕೈ ಅನ್ಬೇಕಾ? ನಾನು ಎರಡಡಿ ಹಾಕ್ಕೊಂಡೆ."

"ಬೆಳಿಗ್ಗೆ ಎದ್ದು ಅದನ್ನ ನೋಡ್ಕಂಡು ನಾನು ಸುಮ್ನೆ ಕೂರ್ಲಾ ಮೇಡಂ?" ಎಂದ ಬೀರಪ್ಪ ದಿವ್ಯಶ್ರೀಗೆ. "ಅವನು ಕೊಟ್ಟ ಜಾಗದಲ್ಲಿ ನಾನು ಓಡಾಡ್ಬೇಕಾ? ನಾನು ಕೊಟ್ಟ ಜಾಗದಲ್ಲಿ ಅವನು ಓಡಾಡ್ಲಿ! ಇನ್ನೂ ಒಂದಡಿ ಸರಿಸ್ದೆ."

ಓಂಕಾರಪ್ಪ ಬೀರಪ್ಪನ ಗೂಟದ ಸಾಲನ್ನು ದಿಟ್ಟಿಸಿದ. ಅದೇನನ್ನಿಸಿತೋ, ಬಾಯಿಂದ ಬ್ರಷ್ ತೆಗೆದು ನೇರವಾಗಿ ಕೂಗಿದ. "ಲೇ ಬೀರಪ್ಪ, ಹಂಡೆ ಒಲೆ ಒಡ್ಸಿ ಸ್ನಾನ ಎಲ್ಲಿ ಮಾಡ್ತೀಯೋ ಮಾರಾಯ?"

"ನಿನ್ನ ಬಚ್ಚಲು ಗೋಡೆ ಬಿದ್ರೆ ನೀನೆಲ್ಲಿ ಮಾಡ್ತೀಯೋ, ಅಲ್ಲೇ!"

ಇಬ್ಬರ ನಡುವೆ ಮಾತು ನಿಂತು ಎಷ್ಟು ಮಳೆಗಾಲ ಕಳೆದಿತ್ತೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಭದ್ರಮ್ಮನಿಗೆ ಹೆಮ್ಮೆ ಉಕ್ಕಿತು. ಅದನ್ನು ತೋರಿಸಿಕೊಳ್ಳಲು ನಾಚಿಕೆಯಾಗಿ ದಿವ್ಯಶ್ರೀಯ ಮೇಲೆ ರೇಗಿದಳು. "ಏನಮ್ಮ ನೋಡ್ತಾ ನಿಂತೆ? ಬೇಗ ಗಡಿಕಲ್ಲು ಹಾಕ್ಸು. ಇವರಿಬ್ಬರನ್ನ ಹೀಗೇ ಬಿಟ್ರೆ ನಾನೂ ಕಾಳಮ್ಮನೂ ಬೀದೀಲಿ ಮಲಗ್ಬೇಕಾಗುತ್ತೆ!"

ಜೀಪು ಬಂತು. ಸಾಹೇಬರು ಪಾರ್ಕಿನಿಂದ ನಡೆಯುತ್ತ ಬಂದು, ಎಲ್ಲ ಕಡೆಗಿಂತ ಅಗಲವಾಗಿದ್ದ ಆ ಜಾಗದಲ್ಲಿ ನಿಂತರು. "ಇಷ್ಟು ಜಾಗ ಯಾರ್ರೀ ಬಿಟ್ಟುಕೊಟ್ಟಿದ್ದು?"

ಪುಟ್ಟಯ್ಯ ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಸುಭದ್ರಮ್ಮ ಮುಂದೆ ಬಂದಳು.

"ನಮ್ಮ ಯಜಮಾನ್ರು ಸಾರ್. ಮತ್ತೆ ಅವರ ಸ್ನೇಹಿತ್ರು."

ಹೇಳಿಬಿಟ್ಟು ಓರೆಗಣ್ಣಿನಿಂದ ಇಬ್ಬರನ್ನೂ ನೋಡಿದಳು. ಓಂಕಾರಪ್ಪ ಕೆಮ್ಮಿದ, ಬೀರಪ್ಪ ಮೀಸೆ ಉಜ್ಜಿಕೊಂಡ. ಅಲ್ಲ ಎಂದು ಇಬ್ಬರಲ್ಲಿ ಯಾರೂ ಹೇಳಲಿಲ್ಲ.