ನಿಲ್ಲಿಸಿಟ್ಟ ಆಟ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಅವಳನ್ನು ಎಬ್ಬಿಸಿದ್ದು ಲ್ಯಾಪ್‌ಟಾಪಿನ ಫ್ಯಾನು. ಹೊರಗೆ ಕಸದ ಗಾಡಿ ಬಂದು ಹೋಯಿತು. ಮೇಲಿನ ಮನೆಯವರು ನೀರಿನ ಮೋಟರು ಹಾಕಿದರು. ಬಾಡಿಗೆಗೆ ತಂದಿದ್ದ ಕುರ್ಚಿಗಳನ್ನು ಯಾರೋ ದಡಬಡ ಎಂದು ವ್ಯಾನಿಗೆ ತುಂಬಿದರು. ಅದೆಲ್ಲ ನಿಂತ ಮೇಲೂ ನಡುಮನೆಯ ಮೇಜಿನಿಂದ ಬರುವ ಆ ಗೊರಗೊರ ಮಾತ್ರ ನಿಲ್ಲಲಿಲ್ಲ.

ಎದ್ದು ಹೋಗಿ ಅದರ ಮುಂದೆ ಕೂತಳು. ಶಾಲಾ ಪುಸ್ತಕಗಳ ಕರಡು ತಿದ್ದುವುದು ಅವಳ ಕೆಲಸ. ಇಷ್ಟು ದಿನ ಸುಮ್ಮನಿದ್ದ ಪ್ರಕಾಶನದವರು ಈಗ 'ಆತುರವೇನಿಲ್ಲ' ಎಂದು ಬರೆದು ಒಂದಿಷ್ಟು ಪಾಠಗಳನ್ನು ಕಳಿಸಿದ್ದರು. ಆತುರವಿಲ್ಲದವರು ಯಾರೂ ಹಾಗೆ ಬರೆಯುವುದಿಲ್ಲ. ಇನ್ನು ಮೇಲೆ ಆಗಾಗ ಆಫೀಸಿಗೇ ಬಂದು ಕೂತರೆ ಅನುಕೂಲ, ಬರುವಾಗ ಲ್ಯಾಪ್‌ಟಾಪು ತನ್ನಿ ಎಂದೂ ಸೇರಿಸಿದ್ದರು.

ಪರದೆಯ ಕೆಳತುದಿಯಲ್ಲಿ ಆಟದ ಪುಟ್ಟ ಚಿತ್ರ ಹಾಗೇ ಇತ್ತು. ಗಂಡ ಲ್ಯಾಪ್‌ಟಾಪನ್ನು ಎಂದೂ ಪೂರ್ತಿ ಆರಿಸಿದವನಲ್ಲ. ಬೆಳಗ್ಗೆ ಸ್ನಾನಕ್ಕೆ ಮುಂಚೆ ಸ್ವಲ್ಪ ಆಡುವನು, ಹೊತ್ತಾಯಿತೆಂದು ನಡುವೆಯೇ ನಿಲ್ಲಿಸಿಟ್ಟು ಏಳುವನು. ಹಗಲೆಲ್ಲ ಅವಳು ಅದೇ ಪರದೆಯಲ್ಲಿ ಕರಡು ತಿದ್ದುವಳು, ಸಂಜೆ ಅವನು ಬಂದು ಬಿಟ್ಟಲ್ಲಿಂದ ಮುಂದುವರಿಸುವನು. ಒಂದೇ ಯಂತ್ರದಲ್ಲಿ ಎರಡು ಸಂಸಾರ ಎಂದು ಅವಳು ಆಡಿಕೊಳ್ಳುತ್ತಿದ್ದಳು. ಆ ದಿನವೂ ನಿಲ್ಲಿಸಿಟ್ಟೇ ಹೋದ. ಆಫೀಸಿನ ಮೆಟ್ಟಿಲ ಮೇಲೆ ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಂದಿನಿಂದ ಅವಳು ಆ ಆಟವನ್ನು ತೆರೆದೂ ನೋಡಿಲ್ಲ, ಮುಚ್ಚಿಯೂ ಇಲ್ಲ. ಆಟದೊಳಗೆ ಅವನು ಯಾವುದೋ ಯುದ್ಧದ ನಡುವೆ ಕತ್ತಿ ಎತ್ತಿ ನಿಂತಿದ್ದಾನೆ, ಯಾರಾದರೂ ಅದನ್ನು ಮುಗಿಸಬೇಕು ಎಂಬುದೊಂದು ತಲೆಯಲ್ಲಿ ಕೂತುಬಿಟ್ಟಿತ್ತು. ಬ್ಯಾಟರಿ ಕೆಟ್ಟು ಎಷ್ಟೋ ಕಾಲವಾಗಿತ್ತು, ವೈರು ಕಿತ್ತರೆ ಎಲ್ಲ ಆರಿಹೋಗುತ್ತದೆ. ಈ ನಡುವೆ ಕರೆಂಟು ಹೋಗದಿದ್ದದ್ದೇ ಪುಣ್ಯ. ಮನೆ ತುಂಬ ಜನವಿದ್ದಾಗಲೂ ಅವಳ ಒಂದು ಕಣ್ಣು ಆ ಪ್ಲಗ್ಗಿನ ಮೇಲೇ ಇತ್ತು. ಯಾರೋ ಮೊಬೈಲು ಚಾರ್ಜಿಗೆ ಹಾಕಲು ಅದಕ್ಕೆ ಕೈಯಿಟ್ಟಾಗ ಅವಳು ಕೂಗಿದ ಕೂಗಿಗೆ, ಅಳುತ್ತಿದ್ದವರೂ ಅಳು ನಿಲ್ಲಿಸಿದ್ದರು.

ಬಿಸಿಲೇರುವ ಹೊತ್ತಿಗೆ ನಾದಿನಿ ಬಂದಳು. ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿ ನೇರವಾಗಿ ಬಂದವಳು ಚಪ್ಪಲಿ ಬಿಚ್ಚುವ ಮೊದಲೇ ಸೋಫಾದ ಮೇಲೆ ಬಿದ್ದಳು.

"ಅತ್ತಿಗೆ, ಇದಿನ್ನೂ ಆನ್ ಇದೆಯಾ?"

"ಇದೆ."

"ಕಡ್ಡಿ ಮನೇಗೆ ಹೋಗಿದ್ದೆ."

ಕಡ್ಡಿ ಎಂದರೆ ಗಂಡನ ಕಾಲೇಜಿನ ಗೆಳೆಯ. ಮನೆಗಳ ನಕ್ಷೆ ಬರೆಯುವವನು. ಈ ಲ್ಯಾಪ್‌ಟಾಪು ಅವನದೇ. ಗಂಡನ ಹಳೆಯದು ಕೈಕೊಟ್ಟಾಗ, 'ಹೊಸದು ತಗೊಳ್ಳೋವರೆಗೆ ಇಟ್ಕೋ' ಎಂದು ಕೊಟ್ಟಿದ್ದ. ಗಂಡ ಹೊಸದನ್ನು ಆರಿಸುತ್ತಲೇ ಇದ್ದ. ಒಂದರ ಗ್ರಾಫಿಕ್ಸ್ ಚೆನ್ನ, ಆದರೆ ಕಾವೇರುತ್ತದೆ. ಇನ್ನೊಂದು ತಣ್ಣಗಿರುತ್ತದೆ, ಆದರೆ ಪರದೆ ಮಂಕು. ಊಟಕ್ಕೆ ಕೂತರೂ ಅದೇ ಪುರಾಣ. "ನನ್ನ ಒಪ್ಪೋಕೆ ನಿಮಗೆ ಒಂದು ಸಂಜೆ ಸಾಕಾಯ್ತಲ್ಲ" ಎಂದು ಅವಳು ಚುಚ್ಚಿದರೆ, "ಆಗ ಒಂದೇ ಮಾಡೆಲ್ ಇತ್ತು ಕಣೆ" ಎಂದು ನಗುತ್ತಿದ್ದ.

"ಏನಂದ ಕಡ್ಡಿ?"

"ಅವನು ಬಾಯಿಬಿಟ್ಟು ಕೇಳೋ ಪೈಕಿನಾ? ಅವನ ಹೆಂಡತಿ ಹೇಳಿದ್ಲು. ಆಫೀಸಿನ ಕಂಪ್ಯೂಟರ್ ಕೆಟ್ಟು ಕೂತಿದೆಯಂತೆ. ಕಂಡೋರ ಮನೇಲಿ ಕೂತು ನಕ್ಷೆ ಬರೀತಿದಾನಂತೆ. ಕೊಟ್ಬಿಡಬೇಕು ಅತ್ತಿಗೆ."

"ಕೊಡೋಣ. ಆಟ?"

ನಾದಿನಿ ಎದ್ದು ಕೂತಳು. "ಎಲ್ಲೀವರೆಗೆ ಆಡಿದಾನೋ ಅಲ್ಲೀವರೆಗೆ ಸೇವ್ ಮಾಡಿ ಹೊಸದಕ್ಕೆ ಹಾಕ್ಬಹುದು. ಆದ್ರೆ ಹೊಸದು ಗೇಮಿಂಗ್ ಲ್ಯಾಪ್‌ಟಾಪೇ ಆಗಿರ್ಬೇಕು. ಮಾಮೂಲಿದರಲ್ಲಿ ಈ ಆಟ ಓಪನ್ನೂ ಆಗಲ್ಲ."

"ಹಾಗಾದ್ರೆ ಗೇಮಿಂಗ್‌ದೇ ತಗೊಳ್ಳೋಣ."

ನಾದಿನಿ ಅವಳ ಮುಖವನ್ನೇ ನೋಡಿದಳು.

ಅಂಗಡಿಯಲ್ಲಿ ಎಸಿ ಜೋರಾಗಿತ್ತು. ಲ್ಯಾಪ್‌ಟಾಪುಗಳೆಲ್ಲ ಬಾಯಿ ತೆರೆದುಕೊಂಡು ಸಾಲಾಗಿ ಕೂತಿದ್ದವು.

"ಯಾವ ಉಪಯೋಗಕ್ಕೆ ಮೇಡಂ? ಗೇಮಿಂಗಾ, ದಿನಬಳಕೆಗಾ?" ಎಂದ ಅಂಗಡಿಯವನು.

"ಎರಡಕ್ಕೂ. ಗ್ರಾಫಿಕ್ಸ್ ಕಾರ್ಡ್ ಬೇರೆಯಾಗಿರ್ಬೇಕು. ಆಡ್ತಾ ಆಡ್ತಾ ಕಾವೇರಬಾರದು. ಪರದೆ ಮಂಕಾಗಿರಬಾರದು. ಆಮೇಲೆ ಮೆಮೊರಿ ಹೆಚ್ಚಿಸೋಕೆ ಜಾಗ ಇರ್ಬೇಕು."

ಗಂಡನ ಮಾತುಗಳು ಒಂದೊಂದಾಗಿ ತನ್ನ ಬಾಯಿಂದ ಬರುವುದನ್ನು ಅವಳೇ ಕೇಳಿಸಿಕೊಂಡಳು.

"ಪರವಾಗಿಲ್ವೇ, ಚೆನ್ನಾಗಿ ತಿಳ್ಕೊಂಡು ಬಂದಿದೀರ! ನೀವೇ ಆಡೋದಾ?"

"ಇಲ್ಲ."

"ಮತ್ತೆ ಯಾರು? ಯಾವ ಆಟ ಅಂತ ಹೇಳಿದ್ರೆ ಅದಕ್ಕೆ ತಕ್ಕಂತೆ ತೋರಿಸ್ತೀನಿ."

ನಾದಿನಿ ಗಾಜಿನೊಳಗಿನ ಮೌಸುಗಳನ್ನು ನೋಡತೊಡಗಿದಳು.

"ನಮ್ಮ ಮನೆಯವರು" ಎಂದಳು ಅವಳು.

"ಹಾಗಿದ್ರೆ ಒಂದು ಕೆಲಸ ಮಾಡಿ ಮೇಡಂ. ಅವರನ್ನೇ ಒಂದ್ಸಲ ಕರ್ಕೊಂಡು ಬನ್ನಿ. ಆಡೋರು ಕೈಯಿಟ್ಟು ನೋಡಿದ್ರೇನೇ ಸರಿ. ಈಗ ಸುಮ್ನೆ ಎತ್ತಿ ನೋಡಿ."

ಅವಳು ಎತ್ತಿದಳು. ತೋಳು ಜಗ್ಗಿತು. ಚಾರ್ಜರೊಂದೇ ಇಟ್ಟಿಗೆಯಷ್ಟಿತ್ತು. ಇದನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ನಿಂತು ಪ್ರಕಾಶನಕ್ಕೆ ಹೋಗುವುದನ್ನು ಯೋಚಿಸಿದಳು. ಮೆಲ್ಲಗೆ ಕೆಳಗಿಟ್ಟಳು.

"ನಾಳೆ ಬರ್ತೀವಿ" ಎಂದಳು.

ಮನೆಗೆ ಬಂದ ಮೇಲೆ ನಾದಿನಿ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡಳು.

"ತೆಗೆದು ನೋಡೋಣ ಅತ್ತಿಗೆ. ಒಳಗೇನಿದೆ ಅಂತ ಗೊತ್ತಿಲ್ದೆ ಅದಕ್ಕೊಂದು ಲ್ಯಾಪ್‌ಟಾಪ್ ತರೋಕೆ ಹೊರಟಿದೀರಲ್ಲ."

"ಯುದ್ಧ ಇದ್ರೆ?"

"ಇದ್ರೆ ಇರುತ್ತೆ. ಹೊಡೆದಾಡೋಕೆ ನಾನಿದೀನಿ."

ಅವಳು ಪಕ್ಕಕ್ಕೆ ಬಂದು ಕೂತಳು. ನಾದಿನಿ ಆ ಪುಟ್ಟ ಚಿತ್ರವನ್ನು ಒತ್ತಿದಳು. ಫ್ಯಾನು ಇನ್ನಷ್ಟು ಅಬ್ಬರಿಸಿತು. ಪರದೆ ಒಮ್ಮೆ ಕಪ್ಪಾಗಿ ಆಮೇಲೆ ಬೆಳಗಿತು.

ಯುದ್ಧವಿರಲಿಲ್ಲ. ಬಿಸಿಲು ಬಿದ್ದ ಸಂತೆಯ ಬೀದಿ. ಒಬ್ಬ ಕುದುರೆ ವ್ಯಾಪಾರಿ. ಅವನ ಮುಂದೆ ಬೆನ್ನು ತೋರಿಸಿ ನಿಂತ ಒಬ್ಬ ಸೈನಿಕ, ಕತ್ತಿ ಒರೆಯಲ್ಲೇ ಇತ್ತು. ಎದುರಿಗೆ ಎರಡು ಕುದುರೆಗಳು, ಒಂದು ಕಪ್ಪು, ಒಂದು ಕಂದು. ಅವುಗಳ ತಲೆಯ ಮೇಲೆ ಗುಣಾವಗುಣಗಳ ಪಟ್ಟಿ ತೇಲುತ್ತಿತ್ತು: ಇದು ಓಟದಲ್ಲಿ ಮೇಲು, ಅದು ಭಾರ ಹೊರುವುದರಲ್ಲಿ.

"ಅಯ್ಯೋ ಪುಣ್ಯಾತ್ಮ!" ನಾದಿನಿ ತಲೆಯ ಮೇಲೆ ಕೈಹೊತ್ತಳು. "ನಾನು ಇದೇ ಆಟ ಮುಗಿಸಿ ಎಷ್ಟು ಕಾಲ ಆಯ್ತು! ಫೋನ್ ಮಾಡಿ 'ಆಟದಲ್ಲಿ ಎಲ್ಲಿದೀಯೋ ಅಣ್ಣ' ಅಂದಾಗೆಲ್ಲ 'ಕುದುರೆ ನೋಡ್ತಿದೀನಿ' ಅಂತಿದ್ದ. ತಮಾಷೆ ಮಾಡ್ತಾನೆ ಅಂದ್ಕೊಂಡಿದ್ದೆ ನಾನು."

ಮೊದಲು ನಕ್ಕಿದ್ದು ಯಾರೋ ಗೊತ್ತಾಗಲಿಲ್ಲ. ಅವಳಿಗೆ ಹೊಟ್ಟೆ ಹಿಡಿದುಕೊಳ್ಳುವಂಥ ನಗು ಬಂತು. ಇಷ್ಟು ದಿನ ಬಳಸದ ಸ್ನಾಯುಗಳು ನೊಂದವು. ನಾದಿನಿಯ ನಗು ಮಾತ್ರ ಎಲ್ಲೋ ದಾರಿ ತಪ್ಪಿತು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಪಾಪ, ಒಂದು ಕೊಡಿಸಿಬಿಡೋಣ್ವಾ ಅತ್ತಿಗೆ? ಕಪ್ಪುದು?" ಎಂದಳು.

"ಬೇಡ. ನಾವು ಆರಿಸಿದ್ದು ಯಾವುದು ಹಿಡಿಸಿದೆ ನಿಮ್ಮಣ್ಣಂಗೆ?"

ಅವಳು ಸ್ವಲ್ಪ ಹೊತ್ತು ಆ ಬೆನ್ನನ್ನೇ ನೋಡುತ್ತ ಕೂತಳು. ಇಲ್ಲಿ ಯಾರೂ ಕತ್ತಿ ಎತ್ತಿರಲಿಲ್ಲ. ಮುಗಿಸಿಕೊಡಬೇಕಾದ ಕೆಲಸ ಯಾವುದೂ ಇರಲಿಲ್ಲ. ಅವನು ತನಗೆ ಅತಿ ಇಷ್ಟವಾದ ಕೆಲಸವನ್ನೇ ಮಾಡುತ್ತಿದ್ದ, ಅದೂ ನೆಮ್ಮದಿಯಾಗಿ. ಇದನ್ನು ಹೊತ್ತುಕೊಂಡು ಹೋಗಿ ಮುಗಿಸಿಕೊಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಸೇವ್ ಮಾಡ್ಲಾ?"

"ಮಾಡು. ಇದರಲ್ಲೇ ಇರಲಿ. ಹೊಸದಕ್ಕೆ ಬೇಡ."

ಮರುದಿನ ಅವಳು ಒಬ್ಬಳೇ ಅಂಗಡಿಗೆ ಹೋದಳು.

"ಕರಡು ತಿದ್ದೋ ಕೆಲಸಕ್ಕೆ. ಅಕ್ಷರ ಚೆನ್ನಾಗಿ ಕಾಣ್ಬೇಕು. ಬಸ್ಸಲ್ಲಿ ಹೊತ್ಕೊಂಡು ಹೋಗೋ ಹಾಗಿರ್ಬೇಕು."

"ಮತ್ತೆ ನಿಮ್ಮ ಮನೆಯವರಿಗೆ, ಗೇಮಿಂಗ್?"

"ಅವರಿಗೆ ಬೇಡ."

ಅಂಗಡಿಯವನು ತೆಳುವಾದದ್ದೊಂದನ್ನು ತಂದು ಮುಂದಿಟ್ಟ. ಅವಳು ಒಂದು ಕೈಯಲ್ಲಿ ಎತ್ತಿ ನೋಡಿದಳು. ಇನ್ನೊಂದನ್ನು ತೋರಿಸಿ ಎನ್ನಲಿಲ್ಲ.

ಪಾಠಗಳನ್ನೆಲ್ಲ ಹೊಸದಕ್ಕೆ ಹಾಕಿಕೊಂಡ ಮೇಲೆ ಹಳೆಯದನ್ನು ಆರಿಸಿದಳು. ಫ್ಯಾನು ಒಮ್ಮೆ ನಿಟ್ಟುಸಿರಿಟ್ಟು ಸುಮ್ಮನಾಯಿತು. ಅಡುಗೆಮನೆಯ ಫ್ರಿಜ್ಜು ಇಷ್ಟು ಸದ್ದು ಮಾಡುತ್ತದೆಂದು ಅವಳಿಗೆ ಆಗಲೇ ತಿಳಿದದ್ದು. ಎಷ್ಟೋ ಹೊತ್ತು ಅದನ್ನೇ ಕೇಳುತ್ತ ನಿಂತಿದ್ದು, ಆಮೇಲೆ ಪ್ಲಗ್ಗು ಕಿತ್ತಳು.

ಕಡ್ಡಿ ಬಾಗಿಲು ತೆರೆದಾಗ ಹೆಗಲ ಮೇಲೆ ಟವೆಲ್ಲಿತ್ತು. ಅವಳ ಕೈಯಲ್ಲಿದ್ದ ಚೀಲ ನೋಡಿ ಟವೆಲ್ಲನ್ನು ತೆಗೆದು ಬಾಗಿಲಿಗೆ ಹಾಕಿದ.

"ಅತ್ತಿಗೆ, ಇದಕ್ಯಾಕೆ ಅವಸರ? ಇನ್ನೂ ಸ್ವಲ್ಪ ದಿನ ನಿಮ್ಮ ಹತ್ರಾನೇ ಇರಲಿ ಅಂತ ನಾನೇ ಹೇಳೋಣ ಅಂತಿದ್ದೆ."

ಒಳಗಿನಿಂದ ಅವನ ಹೆಂಡತಿ ಒಮ್ಮೆ ಕೆಮ್ಮಿದಳು.

"ಸುಳ್ಳು ಹೇಳೋಕೂ ಬರಲ್ಲ ನಿಮಗೆ" ಎಂದಳು ಅವಳು.

ಕಡ್ಡಿ ತಲೆ ತಗ್ಗಿಸಿದ. "ಅವನೂ ಹಾಗೇ ಅಂತಿದ್ದ. ಒಳಗಾದ್ರೂ ಬನ್ನಿ ಅತ್ತಿಗೆ, ಇವಳು ಟೀ ಮಾಡ್ತಾಳೆ."

"ಇನ್ನೊಂದಿನ ಬರ್ತೀನಿ. ಪಾಠ ಕಳಿಸ್ಬೇಕು, ಕಾಯ್ತಿದಾರೆ."

ಅವಳು ಲ್ಯಾಪ್‌ಟಾಪನ್ನು ಕೊಟ್ಟಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಆಮೇಲೆ ಅವಳು ಚೀಲದ ತಳದಿಂದ ಚಾರ್ಜರನ್ನು ತೆಗೆದು, ಗಂಟುಬಿದ್ದಿದ್ದ ವೈರನ್ನು ಅಲ್ಲೇ ನಿಂತು ನಿಧಾನವಾಗಿ ಬಿಡಿಸಿ ಸುತ್ತಿ, ಅದನ್ನೂ ಕೊಟ್ಟಳು.